ಜರ್ಮನಿಯ ಹುಡುಗಿ ಮತ್ತು ನಮ್ಮ ಮನೆಯ ಸೂತಕ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಜರ್ಮನಿಯ ಹಳೆಯ ಶಾಲೆಯೊಂದರಿಂದ ಕೆಲವು ಹುಡುಗಿಯರು ಕುಂದಾಪುರದ ನಮ್ಮ ಶಾಲೆಗೆ ಬಂದರು. ಅವರದು ಲ್ಯಾಟಿನ್, ಗ್ರೀಕ್ ಕಲಿಸುವ ಶಾಲೆ. ನಮ್ಮ ತರಗತಿಯ ಪ್ರಥಮ ಭಾಷೆ ಸಂಸ್ಕೃತ. ಆ ನೆಂಟಸ್ತಿಕೆಯಿಂದಲೇ ಈ ಭೇಟಿ ಏರ್ಪಾಡಾಗಿತ್ತು. ಬಂದವಳು ಎರಡು ವಾರ ಯಾರ ಮನೆಯಲ್ಲಿ ಉಳಿಯುತ್ತಾಳೋ ಆ ಮನೆಯ ಹುಡುಗಿ ಮುಂದಿನ ಮೇ ತಿಂಗಳಲ್ಲಿ ಅಲ್ಲಿಗೆ ಹೋಗುವುದೆಂದು ನಿಯಮ. ನನಗೆ ಹೋಗಬೇಕಿತ್ತು. ಅದಕ್ಕಾಗಿಯೇ ಅಪ್ಪ ಕುಂಭಾಶಿಯ ನಮ್ಮ ಮನೆಯಲ್ಲಿ ಕಮೋಡು ಹಾಕಿಸಿದರು. ಅದನ್ನು ಮೊದಲು ಬಳಸಿದವರು ಅಜ್ಜಿ.

"ಕುರ್ಚಿ ಮೇಲ್ ಕೂಕಂಡಾಂಗೇ ಆತ್ತ್. ಆ ಹೆಣ್ಣ್ ಹೋದ್ ಮೇಲೂ ಇರ್ಲಿ ಇದ್" ಎಂದರು.

ನಮ್ಮ ಪಾಲಿಗೆ ಬಂದವಳು ಉದ್ದನೆಯ, ಮೆಲುಮಾತಿನ ಹುಡುಗಿ. ಅವಳ ಶಾಲೆ ಮೊದಲು ಸನ್ಯಾಸಿಗಳ ಮಠವಾಗಿತ್ತಂತೆ. ಐದನೇ ತರಗತಿಯಿಂದಲೇ ಲ್ಯಾಟಿನ್. ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದಿರುವುದರಿಂದ ಮಕ್ಕಳು ಗೋಡೆ ಹಿಡಿದು ಅಂಚಿನಲ್ಲೇ ಹತ್ತುತ್ತಾರಂತೆ. ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ಹೆಸರುಗಳನ್ನು ಒಂದು ಗೋಡೆಯ ತುಂಬ ಕೆತ್ತಿದ್ದಾರೆ, ಪರೀಕ್ಷೆಯ ದಿನ ಅದರ ಎದುರಿಗೇ ಸಾಲು ನಿಲ್ಲಬೇಕು. ನಾನು ಹೆಚ್ಚು ಕೇಳಲಿಲ್ಲ. ಹೇಗೂ ಹೋಗಿ ನೋಡುವವಳಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕೆರಾಡಿಯಿಂದ ಫೋನು ಬಂತು. ದೊಡ್ಡಪ್ಪ ತೀರಿಕೊಂಡಿದ್ದರು. ನಮಗೆ ಸೂತಕ. ಅಮ್ಮ ದೇವರ ಕೋಣೆಯ ಬಾಗಿಲು ಹಾಕಿದರು. ನಾನು ಶಾಲೆಗೆ ಹೋಗುವುದು ನಿಂತಿತು.

ಸಂಜೆ ಅಪ್ಪ, ಅಜ್ಜಿ ಕೆರಾಡಿಯಿಂದ ಮರಳಿದ ಮೇಲೆ ಸಂಸ್ಕೃತ ಮಾಸ್ಟ್ರು ಬಂದು ಅಂಗಳದಲ್ಲೇ ನಿಂತರು.

"ನಮ್ಮ್ ಕಮಿಟಿಯರ್ ಒಪ್ಪುದಿಲ್ಲೆ. ಸೂತ್ಕದ್ ಮನಿಯಂಗೆ ಅತಿಥಿ ಉಂಬುದ್ ಹ್ಯಾಂಗೆ?"

"ಆ ಹೆಣ್ಣಿಗೆಂತ ಸೂತ್ಕ ಮಾಸ್ಟ್ರೆ? ಸತ್ತದ್ದ್ ನನ್ ಮಗ. ಅದ್ರ್ ಅಪ್ಪ ಅಲ್ಲ" ಎಂದರು ಅಜ್ಜಿ. ಅವರು ಅತ್ತಿರಲಿಲ್ಲ.

ಮಾಸ್ಟ್ರು ಅಪ್ಪನ ಮುಖ ನೋಡಿದರು. ಅಪ್ಪ, "ನೀವ್ ಹೇಳ್ದಾಂಗೆ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ನಾನು ಅವಳ ಟವೆಲು ಮಡಚಿ ಕೊಟ್ಟೆ.

ಅವಳನ್ನು ಕರೆದೊಯ್ಯಲು ಬಂದದ್ದು ನನ್ನ ತರಗತಿಯ ಇನ್ನೊಬ್ಬ ಹುಡುಗಿಯ ತಂದೆ, ಗೇರುಬೀಜದ ಕಾರ್ಖಾನೆಯವರು. ಅವರು ಕಾರಿನಿಂದ ಇಳಿಯಲಿಲ್ಲ. ಏನು ನಡೆಯುತ್ತಿದೆಯೆಂದು ಜರ್ಮನಿಯ ಹುಡುಗಿಗೆ ಅರ್ಧ ಮಾತ್ರ ಅರ್ಥವಾಗಿತ್ತು. ಹೊರಡುವಾಗ ನೇರ ಬಂದು ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಹ್ವಾಯ್ ಮಾಸ್ಟ್ರೆ, ಮುಟ್ಟಿಯೇ ಆಯ್ತಲೆ. ಇನ್ ಮೀಯ್ಕ್ ಅಂತ ಇದಕ್ ಇಂಗ್ಲಿಷಂಗೆ ಹೇಳುದ್ ಹ್ಯಾಂಗೆ?" ಎಂದರು ಕಾರಿನವರು.

"ಹೇಳುದೆಂತ ಬೇಡ. ಬಿಸ್ನೀರ್ ಕಾಸಿ ಕೊಡಿ, ಅದೇ ಮೀತ್ತ್" ಎಂದರು ಮಾಸ್ಟ್ರು.

ಕಾರು ಹೋಯಿತು. ಅಮ್ಮ ಹಾಸಿಗೆಯ ಬಟ್ಟೆಗಳನ್ನು ನೀರಿಗೆ ಹಾಕಿದರು. ಸೂತಕ ಕಳೆದು ನಾನು ಶಾಲೆಗೆ ಮರಳುವಷ್ಟರಲ್ಲಿ ಜರ್ಮನಿಯ ಹುಡುಗಿಯರೆಲ್ಲ ತಮ್ಮ ಊರಿಗೆ ಹೊರಟುಹೋಗಿದ್ದರು. ಮೇ ತಿಂಗಳಲ್ಲಿ ಯಾರು ಹೋಗಬೇಕೆಂಬ ಪ್ರಶ್ನೆ ಏಳಲೇ ಇಲ್ಲ. ಅವಳು ಹೆಚ್ಚು ದಿನ ಉಳಿದದ್ದು ಗೇರುಬೀಜದವರ ಮನೆಯಲ್ಲಿ, ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬರಬೇಕಿತ್ತೆಂದು ಈಗ ಅನಿಸುತ್ತದೆ. ಆಗ ಬಂದ ನೆನಪಿಲ್ಲ.

ಮಾರ್ಚಿನಲ್ಲಿ ಮಾಸ್ಟ್ರು ನನ್ನನ್ನು ಕರೆದರು.

"ಜರ್ಮನಿ ಶಾಲಿ ಸಭೆಯಂಗೆ ಗೇರ್ಬೀಜದವರ್ ಮಗ್ಳ್ ಶ್ಲೋಕ ಹೇಳ್ಕ್ ಅಂಬ್ರ್. ಅವಳ್ ಉಚ್ಚಾರ ನಿಂಗ್ ಗೊತ್ತಿತ್ತಲೆ. ನೀನೇ ಒಂಚೂರ್ ಕಲ್ಸ್ ಮಗಾ."

ಮಧ್ಯಾಹ್ನದ ಊಟದ ನಂತರ ಖಾಲಿ ತರಗತಿಯಲ್ಲಿ ನಾವಿಬ್ಬರೂ ಕೂರುತ್ತಿದ್ದೆವು. ಅವಳು ಒಳ್ಳೆಯ ಹುಡುಗಿ. ಮಹಾಪ್ರಾಣ ಬಂದಲ್ಲೆಲ್ಲ ಎಡವುತ್ತಿದ್ದಳು. ನಾನು ಹೇಳಿಕೊಟ್ಟೆ, ಅವಳು ಹೇಳಿದಳು, ತಪ್ಪಿದಲ್ಲಿ ಮತ್ತೆ ಹೇಳಿಸಿದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಅವಳಿಗೆ ಪೂರ್ತಿ ಬಾಯಿಪಾಠವಾಗಿತ್ತು.