ಕೆಂಪು ಪೆನ್ನು ಮತ್ತು ದೊಡ್ಡ ಕಣ್ಣು

ನಾನು ಇಪ್ಪತ್ತು ವರ್ಷದಿಂದ ಚಿತ್ರಕಲಾ ಶಿಕ್ಷಕ. ಆದರೆ ಮನುಷ್ಯರ ಮುಖ ಬರೆಯಲು ನನಗೆ ಬರುವುದಿಲ್ಲ. ಇದನ್ನು ನಿಮಗಷ್ಟೇ ಹೇಳುತ್ತಿದ್ದೇನೆ, ನಮ್ಮ ಹೆಡ್ ಮಾಸ್ತರರ ಕಿವಿಗೆ ಹಾಕಬೇಡಿ. ಗಡಿಗೆ ಬರುತ್ತದೆ, ಮಾವಿನಹಣ್ಣು ಬರುತ್ತದೆ, ಗಿಳಿಯೂ ಒಂದು ಮಟ್ಟಿಗೆ ಬರುತ್ತದೆ. ಮುಖಕ್ಕೆ ಕೈಹಾಕಿದರೆ ಮಾತ್ರ ಕೆಡುತ್ತದೆ. ಒಮ್ಮೆ ಹೆಂಡತಿಯ ಚಿತ್ರ ಬರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಹುಕ್ಕೇರಿಯ ತನ್ನ ಸೋದರಮಾವ ಚಲೋ ಬಂದಿದ್ದಾನೆ ಎಂದಳು.

ಇಂಥ ನಾನು, ಕುಲಗೋಡದ ಕಡೆಯ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಮಾಳವ್ವನಿಗೆ ಮುಖದ ಬಗ್ಗೆ ಪಾಠ ಹೇಳಲು ಹೋದೆ. ಗಡಿಗೆ ಬರೆಯಲು ಹೇಳಿದ್ದ ಹಾಳೆಯ ಹಿಂದೆ ಅವಳೊಂದು ಹುಡುಗಿಯನ್ನು ಬರೆದಿದ್ದಳು. ಕಣ್ಣು ಅರ್ಧ ಮುಖದಷ್ಟು, ಮೂಗು ಒಂದು ಚುಕ್ಕೆ. ನಾನು ಕೆಂಪು ಪೆನ್ನು ತೆಗೆದು, ‘ಮುಖ ಹೀಗಿರುವುದಿಲ್ಲ’ ಎಂದು ಬರೆದು ಕೆಳಗೆ ಸಹಿ ಬೇರೆ ಹಾಕಿದೆ. ಅಂದಿನಿಂದ ಅವಳು ಮುಖ ಬರೆಯುವುದನ್ನೇ ಬಿಟ್ಟಳು. ವಾರವಾರ ಗಡಿಗೆ ತಂದು ತೋರಿಸುತ್ತಿದ್ದಳು. ಒಂದರಲ್ಲೂ ತಪ್ಪಿರಲಿಲ್ಲ, ಒಂದರಲ್ಲೂ ಜೀವವಿರಲಿಲ್ಲ.

ಅವಳ ಪುಸ್ತಕದ ರಟ್ಟಿನ ಮೇಲೆ ಕನ್ನಡ ಅಕ್ಷರದಲ್ಲಿ ಒಂದು ಜಪಾನಿ ಹೆಸರಿತ್ತು. ಒಂದು ದಿನ ಶಾಲೆ ಮುಗಿಸಿ ಗೋಕಾಕದ ನನ್ನ ಮನೆಗೆ ಬಂದು ಚಹಾ ಕುಡಿಯುತ್ತ ಆ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಆಕೆ ಅಲ್ಲಿ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ ಬರೆಯುವ ಹೆಣ್ಣುಮಗಳು. ಅದಕ್ಕೆ ಅವರು ಮಾಂಗಾ ಎನ್ನುತ್ತಾರೆ. ಮೊದಲ ಆರು ವರ್ಷ ಇನ್ನೊಬ್ಬ ಕಲಾವಿದರ ಕೈಕೆಳಗೆ ಕಿಟಕಿ, ಮರ, ಮಳೆಯ ಗೆರೆ ಇಷ್ಟನ್ನೇ ಬರೆದಳಂತೆ. ಮುಖ ಬರೆಯುವ ಹಕ್ಕು ಯಜಮಾನರದು. ಆಮೇಲೆ ಸ್ವಂತ ಕಥೆ ಶುರುಮಾಡಿದಳು. ಓದುಗರಿಗೆ ಹಿಡಿಸಲಿಲ್ಲ, ಪತ್ರಿಕೆಯವರು ನಡುವೆಯೇ ನಿಲ್ಲಿಸಿದರು. ಆದರೆ ನಿಂತುಹೋದ ಆ ಕಥೆಯ ಪಾತ್ರಗಳು ಕಾರ್ಟೂನ್ ಸಿನಿಮಾದವರ ಕಣ್ಣಿಗೆ ಬಿದ್ದವು. ಈಗ ಆ ಹೆಣ್ಣುಮಗಳ ಕೆಲಸ ಬೇರೆಯವರ ಕಥೆಗಳ ಪಾತ್ರಗಳಿಗೆ ರೂಪ ಕೊಡುವುದು. ಪ್ರತಿಯೊಬ್ಬರನ್ನೂ ಮುಂದಿನಿಂದ, ಬದಿಯಿಂದ, ಹಿಂದಿನಿಂದ ಬರೆದುಕೊಡಬೇಕು. ಅದನ್ನು ನೋಡಿ ನೂರು ಜನ ಬರೆದರೂ ಆಸಾಮಿ ಅವನೇ ಆಗಿರಬೇಕು. ಕೊನೆಗೆ ಚಿತ್ರಕ್ಕೆ ಪೂರ್ತಿ ಕಪ್ಪು ಬಳಿದು ನೋಡುತ್ತಾಳಂತೆ. ನೆರಳಿನಲ್ಲೂ ಗುರುತು ಸಿಕ್ಕರೆ ಪಾಸು.

ಅವಳ ಪಾತ್ರಗಳ ಕಣ್ಣೂ ದೊಡ್ಡವೇ. ಇದೇನು ಹುಚ್ಚು ಎಂದುಕೊಂಡು ತಲೆಯೆತ್ತಿದರೆ ಎದುರಿಗೆ ನಮ್ಮ ಮನೆಯ ಗಾಜಿನ ಕಪಾಟು. ಅದರೊಳಗೆ ನಮ್ಮೂರಿನದೇ ಕಟ್ಟಿಗೆಯ ಗಂಡ ಹೆಂಡತಿ ಗೊಂಬೆಗಳು, ಅವ್ವನ ಕಾಲದಿಂದ ಕೂತಿವೆ. ಕಣ್ಣು ಕಿವಿಯವರೆಗೆ! ನಾನು ಹುಟ್ಟಿದಂದಿನಿಂದ ಆ ಕಣ್ಣುಗಳ ಎದುರಿಗೇ ಉಂಡು ಬೆಳೆದವನು. ನಮ್ಮ ಕವಿಗಳು ಕಣ್ಣಿನ ಜಾಗದಲ್ಲಿ ಕಮಲ ಇಟ್ಟರು, ಮೀನು ಇಟ್ಟರು, ಜಿಂಕೆಯನ್ನೂ ತಂದು ನಿಲ್ಲಿಸಿದರು. ಅವರ ಓಲೆಗರಿಯ ಮೇಲೆ ಯಾವ ಮಾಸ್ತರನೂ ಕೆಂಪು ಪೆನ್ನು ಆಡಿಸಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಮಾಳವ್ವನನ್ನು ಕರೆದು, ನಾನು ಬರೆದದ್ದು ತಪ್ಪು, ಮತ್ತೆ ಮುಖ ಬರಿ ಎಂದೆ. ಅವಳು ಹೂಂ ಎಂದಳು. ಮುಂದಿನ ವಾರ ಮತ್ತೆ ಗಡಿಗೆ ಬಂತು.

ಇನ್ನು ಅವಳ ಅಪ್ಪನಿಗೇ ಹೇಳಬೇಕೆಂದುಕೊಂಡೆ. ಬೀರಪ್ಪ ಕುರಿ ಕಾಯುವವನು. ಆ ವಾರ ಗೊಬ್ಬರಕ್ಕೆಂದು ಅವನ ಹಿಂಡನ್ನು ಶಾಲೆಯ ಬಾಜೂ ಹೊಲದಲ್ಲಿ ತರುಬಿ ನಿಲ್ಲಿಸಿದ್ದರು. ಶಾಲೆ ಬಿಟ್ಟ ಕೂಡಲೇ ಮಾಳವ್ವ ನನ್ನನ್ನು ಅಲ್ಲಿಗೆ ಕರೆದೊಯ್ದು, ನಮ್ಮ ಸಾಲಿ ಸರ್ರು ಎಂದಳು. ಅವನು ಕಂಬಳಿ ಹಾಸಿ ಕೂರಿಸಿದ. ನಾನು ನಡೆದದ್ದೆಲ್ಲ ಹೇಳಿ, ಮಗಳ ಕೈಯಿಂದ ನಾನೇ ಮುಖ ಕಸಿದುಕೊಂಡೆ ಎಂದೆ. ಅವನಿಗೆ ಅದು ಅಷ್ಟು ದೊಡ್ಡ ಸಂಗತಿ ಎನಿಸಲಿಲ್ಲ.

“ಗುರ್ತ ಹಿಡ್ಯಾಕ ಮಾರಿ ಯಾಕ ಬೇಕ್ರಿ? ಕುರಿ ಮುಂದ ಹೊಂಟಿರತಾವು, ನಾವು ಹಿಂದ. ಬೆನ್ನ ನೋಡಿದ್ರ ಸಾಕ್ರಿ, ಇದು ಯಾವ್ದಂತ ಗೊತ್ತಾಕ್ಕೈತಿ,” ಎಂದ. ಜಪಾನಿ ಹೆಣ್ಣುಮಗಳ ಕಪ್ಪು ನೆರಳಿನ ಪರೀಕ್ಷೆಯಲ್ಲಿ ಇವನು ಯಾವತ್ತೋ ಪಾಸಾಗಿದ್ದ.

ಆಗ ಮಾಳವ್ವ ಚೀಲದಿಂದ ಇನ್ನೊಂದು ಪುಸ್ತಕ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಕೊಟ್ಟಳು. ತೆರೆದರೆ ತುಂಬಾ ಜನ. ರೊಟ್ಟಿ ಬಡಿಯುವ ಅವ್ವ, ಕಬ್ಬಿನ ಗಾಡಿಯವನು, ನೀರು ತರುವ ಗೆಳತಿಯರು. ಎಲ್ಲರೂ ಬೆನ್ನು ತಿರುಗಿಸಿದವರೇ. ನನ್ನ ಒಂದು ಕೆಂಪು ಸಾಲಿಗಾಗಿ ಆ ಹುಡುಗಿ ಒಂದು ಊರನ್ನೇ ತಿರುಗಿಸಿ ನಿಲ್ಲಿಸಿದ್ದಳು. ನಾನು ಒಂದೊಂದೇ ಹಾಳೆ ತಿರುವುತ್ತ ಹೋದೆ.

ಬೀರಪ್ಪ ಬಗ್ಗಿ ಒಂದು ಹಾಳೆಯ ಮೇಲೆ ಬೆರಳಿಟ್ಟ. ಎಡಗಂಕುಳಲ್ಲಿ ಕೊಡೆ, ಬಲಕ್ಕೆ ಜಗ್ಗಿದ ಚೀಲ, ಒಂದು ಹೆಗಲು ಇಳಿದಿದೆ, ಕಾಲು ಅರ್ಧ ಓಟದಲ್ಲಿದೆ.

“ಇವ್ರನ್ನ ನಾ ಬಲ್ಲೆರಿ,” ಎಂದು ನನ್ನ ಮುಖ ನೋಡಿ ಹೇಳಿದ. “ದಿನಾ ನಾಕೂವರಿ ಬಸ್ಸಿಗಿ ಓಡತಾರ. ನಿಮ್ಮ ಸಾಲ್ಯಾಗ ಅದಾರಲ್ರಿ?”

ಮಾಳವ್ವ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಾನು, ಅದಾನಪ್ಪ, ನಮ್ಮಲ್ಲೇ ಅದಾನ ಎಂದೆ. ಈ ಶಾಲೆಗೆ ಬಂದು ಹನ್ನೆರಡು ವರ್ಷವಾಯಿತು, ಈ ಊರಿಗೆ ನಾನು ತೋರಿಸಿದ್ದು ಆ ಬೆನ್ನನ್ನಷ್ಟೇ. ಅವಳು ಬರೆದದ್ದರಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅಭ್ಯಾಸಬಲದಿಂದ ಕೈ ಕೊಡೆಯ ಕಡೆ ಹೋಯಿತು. ನಾನು ಕೈಯನ್ನು ಹಿಂದಕ್ಕೆಳೆದು, ಕಂಬಳಿಯ ಮೇಲೆ ಅವಳತ್ತ ತಿರುಗಿ ಚಕ್ಕಳಬಕ್ಕಳ ಹಾಕಿ ಕೂತೆ. ಬೆನ್ನು ಆಯಿತು, ಇನ್ನು ಇದರ ಮುಂದಿನ ಭಾಗ ಬರಿ ಎಂದೆ.

ಅವಳು ಪೆನ್ಸಿಲ್ ಹಿಡಿದು ನನ್ನನ್ನು ನೋಡಿದಳು. “ಕಣ್ಣು ಎಷ್ಟು ದೊಡ್ಡವು ಮಾಡ್ಲಿರಿ ಸರ?”

“ನಿನಗ ಎಷ್ಟು ಕಾಣ್ತಾವ ಅಷ್ಟು ಮಾಡವ್ವ.”

ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಅವಳು ಹಾಳೆ ತಿರುಗಿಸಿ ತೋರಿಸಿದಳು. ಕಣ್ಣು ಕಿವಿಯವರೆಗೆ ಹೋಗಿದ್ದವು. ಬೀರಪ್ಪ ಒಮ್ಮೆ ಹಾಳೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಎದ್ದು ಕೈಮುಗಿದು, ಈಗ ಗುರ್ತ ಸಿಕ್ತರಿ ಎಂದ.