ಚಿಕ್ಕಮ್ಮನ ಎರಡು ಮೂಟೆ ಕಾಫಿ

ಕೊಳ್ಳುವವರು ಊಟದ ಹೊತ್ತಿಗೆ ಬರುವವರಿದ್ದರು. ಅಷ್ಟರೊಳಗೆ ಎಲ್ಲರ ಕಾಫಿಯ ರುಚಿ ನೋಡಿ, ಯಾರ ಮೂಟೆಗಳನ್ನು ಒಟ್ಟಿಗೆ ಬೆರೆಸಬಹುದೆಂದು ಹೇಳುವುದು ನನ್ನ ಕೆಲಸ. ಮಾಗಡಿ ತಾಲ್ಲೂಕಿನ ನಮ್ಮ ಕಡೆ ತೆಂಗಿನ ಸಾಲುಗಳ ನಡುವೆ ಕಾಫಿ ಬೆಳೆಯುವ ಕೆಲವು ಹೆಂಗಸರು ಸೇರಿ ಕಟ್ಟಿಕೊಂಡ ಸಂಘ ಅದು. ಆಹಾರ ವಿಜ್ಞಾನ ಓದಿದವಳೆಂದು ನನ್ನನ್ನು ಕರೆಸಿದ್ದರು. ಕರೆಸಿದವಳು ಚಿಕ್ಕಮ್ಮ, ಸಂಘದ ಸದಸ್ಯೆ.

ಚಿಕ್ಕಪ್ಪ ರೇಷ್ಮೆ ಬೆಳೆಯುವವನು. ಅವನ ಹಿಪ್ಪುನೇರಳೆ ತೋಟದಲ್ಲಿ ಒಂದು ಪಟ್ಟಿಯನ್ನು ಹಟ ಹಿಡಿದು ಬಿಡಿಸಿಕೊಂಡು ಚಿಕ್ಕಮ್ಮ ಕಾಫಿ ನೆಟ್ಟಿದ್ದಳು. ಮೊದಲ ಕೊಯ್ಲು ಸಂಘದ ಕಾಫಿಯ ಜೊತೆ ಮಾರಾಟವಾದರೆ ಗಿಡ ಉಳಿಯುತ್ತದೆ, ಇಲ್ಲದಿದ್ದರೆ ಕಿತ್ತು ಮತ್ತೆ ಹಿಪ್ಪುನೇರಳೆ ಸೊಪ್ಪು ಹಾಕುತ್ತೇನೆ ಎಂದು ಅವನು ಎಲ್ಲರೆದುರು ಹೇಳಿದ್ದ.

ಹಾಲಿನ ಡೈರಿಯ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟಿದ್ದೆವು. ಯಾರದು ಯಾವುದೆಂದು ನನಗೆ ತಿಳಿಯದಂತೆ ಸಂಘದ ಅಧ್ಯಕ್ಷೆ ಲೋಟಗಳ ಅಡಿಯಲ್ಲಿ ಚೀಟಿ ಇಟ್ಟಿದ್ದರು. ನಾನು ಚಮಚದಿಂದ ಜೋರಾಗಿ ಹೀರಿ ಉಗುಳುವುದನ್ನು ಕಂಡು ಹೆಂಗಸರು ನಕ್ಕರು.

"ಅತ್ತೆ ಮನೇಲಿ ಹಿಂಗೆ ಸೊರ್ ಅಂತ ಕುಡುದ್ರೆ ಮೂರೇ ದಿನಕ್ಕೆ ವಾಪಸ್ ಕಳುಸ್ತಾರೆ ಕಣವ್ವ."

"ಉಗುಳುದ್ರೆ ಅವತ್ತೇ."

ನಾನೂ ನಕ್ಕೆ. ಮುಂದಿನ ಲೋಟದಲ್ಲಿ ಮೇಲೆ ಕಟ್ಟಿದ್ದ ಪುಡಿಯ ಪದರ ಒಡೆದೆ. ಆಗಷ್ಟೇ ತೊಳೆದ ಆಸ್ಪತ್ರೆಯ ವಾರ್ಡಿನ ವಾಸನೆ ಬಂತು. ಹೀರಿದೆ. ನಾಲಿಗೆಯ ಮೇಲೂ ಅದೇ. ಬಾಯಿ ತೊಳೆದು ಮತ್ತೆ ಹೀರಿದೆ. ನಗು ನಿಂತಿತ್ತು.

"ಇದು ಆಗಲ್ಲ, ದೊಡ್ಡವ್ವ," ಎಂದೆ ಅಧ್ಯಕ್ಷೆಗೆ.

ಅವರು ಲೋಟವೆತ್ತಿ ಚೀಟಿ ನೋಡಿದರು. ಹೆಸರು ಓದಲಿಲ್ಲ, ಚಿಕ್ಕಮ್ಮನ ಕಡೆ ನೋಡಿದರು. ಅಷ್ಟೇ ಸಾಕಾಯಿತು.

"ಎಲ್ಲಾದ್ರಲ್ಲೂ ಒಸಿ ಒಸಿ ಬೆರುಸ್ಬುಟ್ರೆ?" ಎಂದರು ತಗ್ಗಿದ ದನಿಯಲ್ಲಿ. "ಎರಡೇ ಮೂಟೆ. ಯಾರ್ಗ್ ಗೊತ್ತಾಯ್ತದೆ?"

"ಬೆರೆಸಿದ್ರೆ ಎಲ್ಲಾ ಮೂಟೆಯಲ್ಲೂ ಇದೇ ವಾಸನೆ ಬರುತ್ತೆ."

ಚಿಕ್ಕಮ್ಮ ಬಂದು ನನ್ನ ಕೈಯಿಂದ ಚಮಚ ತೆಗೆದುಕೊಂಡಳು. ಕುಡಿದಳು, ಉಗುಳಲಿಲ್ಲ.

"ನಮ್ ಹುಳದ ಮನೆ ವಾಸ್ನೆ ಕಣೆ ಇದು," ಎಂದಳು.

ಬೀಜ ಅಂಗಳದಲ್ಲಿ ಒಣಗುವಾಗ ಮಳೆ ಹಿಡಿದಿತ್ತು. ಆಗ ರೇಷ್ಮೆಗೂಡು ಮಾರಾಟಕ್ಕೆ ಹೋಗಿ ಹುಳ ಸಾಕುವ ಮನೆ ಖಾಲಿಯಿತ್ತು. ಮುಂದಿನ ಬೆಳೆಗೆ ರೋಗ ತಗಲದಿರಲೆಂದು ಚಿಕ್ಕಪ್ಪ ಬ್ಲೀಚಿಂಗ್ ಪುಡಿಯ ನೀರು ಹೊಡೆದು ಮುಗಿಸಿದ್ದ. ಹುಳ ಹರಡುವ ತಟ್ಟೆಗಳ ಮೇಲೇ ಚಿಕ್ಕಮ್ಮ ಕಾಫಿ ಹರಡಿ ಬಾಗಿಲು ಹಾಕಿದ್ದಳು.

"ಊರಲ್ಲಿ ಅದಕ್ಕಿಂತ ಚೊಕ್ಕಟ್ವಾಗಿರೋ ಜಾಗ ಎಲ್ಲೈತೆ? ಹುಳಕ್ಕೆ ಮಾಡ್ದಂಗೇ ಮಾಡ್ದೆ."

ರೇಷ್ಮೆ ಸಾಕುವವರಿಗೆ ಆ ವಾಸನೆಯೆಂದರೆ ಶುದ್ಧ. ಬಾಲ್ಯದಲ್ಲಿ ಆ ಮನೆಯಲ್ಲಿ ಆಡಿದ ನನಗೂ ಅದು ಕೆಟ್ಟ ವಾಸನೆ ಅನ್ನಿಸಿದ್ದಿಲ್ಲ.

ಕೊಳ್ಳುವವರು ಬಂದರು, ರುಚಿ ನೋಡಿದರು, ಉಳಿದ ಮೂಟೆಗಳನ್ನೆಲ್ಲ ಒಪ್ಪಿಕೊಂಡರು. ಫೋಟೋ ತೆಗೆಯುವಾಗ ಚಿಕ್ಕಮ್ಮ ಎಲ್ಲರ ಜೊತೆ ನಿಂತಳು. ಆಮೇಲೆ ನಾವಿಬ್ಬರೂ ಅವಳ ಎರಡು ಮೂಟೆಗಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವಳು ಮೂಟೆಗಳನ್ನು ಹಿಡಿದುಕೊಂಡೇ ಕುಳಿತಿದ್ದಳು.

ಚಿಕ್ಕಪ್ಪ ಅಂಗಳದಲ್ಲೇ ಇದ್ದ.

"ಏನಮ್ಮಿ, ಹೋದಂಗೇ ಬಂದ್ಬುಟ್ವಾ ಮೂಟೆ? ನಾನ್ ಯೋಳಿರ್ನಿಲ್ವಾ?"

"ನೀವ್ ಹೊಡ್ದಿದ್ದ ಬ್ಲೀಚಿಂಗ್ ವಾಸ್ನೆ ಹಿಡ್ಕಂಡದೆ. ಮೂಸ್ ನೋಡಿ."

ಅವನು ಒಂದು ಹಿಡಿ ಬೀಜ ತೆಗೆದು ಮೂಸಿದ. "ಏನೂ ಇಲ್ವಲ್ಲ," ಎಂದ. ನಿಜವಾಗಿಯೂ ಅವನಿಗೆ ಏನೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದ. "ನೀನ್ ಓದ್ದೋಳು, ಯೋಳು ಮಗ. ವಾಸ್ನೆ ಅತ್ಲಾಗಿರ್ಲಿ. ಈ ಗಿಡದ ಕಾಫಿ ಚೆನ್ನಾಗೈತಾ?"

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಆ ವಾಸನೆಯ ಕೆಳಗೆ ಏನಿದೆಯೆಂದು ನನಗೆ ತಿಳಿದಿರಲಿಲ್ಲ.

"ಗೊತ್ತಿಲ್ಲ ಚಿಕ್ಕಪ್ಪ. ಇನ್ನೊಂದು ಕೊಯ್ಲು ನೋಡ್ದೆ ಹೇಳಕ್ಕಾಗಲ್ಲ."

"ಇನ್ನೊಂದ್ ಕೊಯ್ಲಾ!" ಅವನು ನಕ್ಕ.

"ಹೂಂ, ಇನ್ನೊಂದ್ ಕೊಯ್ಲೇ," ಎಂದಳು ಚಿಕ್ಕಮ್ಮ. ದನಿ ಏರಿಸಲಿಲ್ಲ. "ಸುಣ್ಣಕಟ್ಟು ರೋಗ ಬಂದು ನಿಮ್ ಹುಳವೆಲ್ಲ ಸತ್ತಾಗ, ಸೊಪ್ಪು ಕಿತ್ತಾಕಿ ಅಂದಿದ್ನಾ ನಾನು? ಆಮೇಕೆ ಇನ್ನೊಂದ್ ಸಲ ಸತ್ತಾಗ?"

ಆಟೋದವನು ಬೇರೆಲ್ಲೋ ನೋಡತೊಡಗಿದ. ಚಿಕ್ಕಪ್ಪ ಕೈಯಲ್ಲಿದ್ದ ಬೀಜವನ್ನು ಮತ್ತೆ ಮೂಟೆಗೆ ಸುರಿದು ಅದರ ಬಾಯಿ ಕಟ್ಟಿದ. ಅದನ್ನು ಹೆಗಲಿಗೇರಿಸಿಕೊಂಡು, ಅವಳ ಮುಖ ನೋಡದೆ ಕೇಳಿದ:

"ಎಲ್ ಮಡಗ್ಲಿ, ಯೋಳು."