ತೊಟ್ಟಿಲಿಗೆ ಬಂದ ಲಾಮಾ

ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನಾನೇ ಹೊಲಿದ ಕೌದಿ ಹಿಡಿದು ಶಹಾಪುರದಿಂದ ರಂಗಂಪೇಟೆಯ ಬೀಗರ ಮನೆಗೆ ಹೋಗಿದ್ದೆ. ಚಂದ ಕಂಡಿತೆಂದು ಕೌದಿಯ ನಡುವೆ ಲಾಮಾ ಎಂಬ ಪ್ರಾಣಿಯ ಚಿತ್ರವಿದ್ದ ಬಟ್ಟೆಯ ತುಂಡು ಹಚ್ಚಿದ್ದೆ. ತೊಟ್ಟಿಲಿಗೆ ಹಾಸುವ ಹಕ್ಕು ಸೊಸೆಯ ಅಜ್ಜಿಯದು. ಅವರು ಕೌದಿ ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನ್ರಿ ಬೀಗ್ತಿ? ಕುರಿ ಅನ್ನಾಕ ಕುತ್ತಿಗಿ ಉದ್ದ, ಒಂಟಿ ಅನ್ನಾಕ ಡುಬ್ಬ ಇಲ್ಲ. ಊರು, ಬಳಗ ಗೊತ್ತಿಲ್ಲದ್ದನ್ನ ನಮ್ಮ ತೊಟ್ಲಾಗ ಹಾಕೂದಿಲ್ಲ.”

ಮಳೆಗಾಲವಿಡೀ ಕೂತು ಹೊಲಿದದ್ದು ಮೂಲೆ ಸೇರುವುದರಲ್ಲಿತ್ತು. ಬಿ.ಎ. ಓದಿದವಳು ನಾನು, ಬಿಟ್ಟೇನೆಯೇ?

“ಇದು ಲಾಮಾರಿ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಮ್ಯಾಲ, ಥಂಡಿ ಹುಲ್ಲುಗಾವಲದಾಗ ಇರ್ತದ. ಅಲ್ಲಿ ಮಂದಿ ಗ್ವಾನಾಕೊ ಅನ್ನೋ ಕಾಡುಪ್ರಾಣಿ ಸಾಕಿ ಸಾಕಿ ಇದನ್ನ ಮಾಡ್ಯಾರ. ಒಂಟಿ ಇದರ ದಾಯಾದಿ. ಎರಡರ ಹಿರೇರೂ ಉತ್ತರ ಅಮೆರಿಕದಾಗ ಹುಟ್ಟಿದವರು. ಒಂದು ಕವಲು ದಕ್ಷಿಣಕ್ಕ ಹೋತು, ಒಂದು ನಮ್ಮ ಕಡಿ ಬಂತು.”

“ಮತ್ತ ಮೂಲ ಊರಾಗ ಯಾರದಾರ?”

“ಯಾರೂ ಉಳಿಲಿಲ್ರಿ.”

ಅಜ್ಜಿ ಲಾಮಾದ ಚಿತ್ರದ ಮೇಲೆ ಕೈಯಾಡಿಸಿದರು. “ನಮ್ಮೂರೂ ನಾರಾಯಣಪುರ ಡ್ಯಾಮಿನ ನೀರಾಗ ಹೋತು. ಬರ್ಲಿ ಬಿಡ್ರಿ, ನಮ್ಮಂಥಾದ್ದೇ ಅದ” ಎಂದು ತಾವೇ ಕೌದಿ ಹಾಸಿದರು. ಕೂಸನ್ನು ಮಲಗಿಸಿದ್ದೇ ತಡ, ಅದು ಲಾಮಾದ ಮೇಲೆ ಉಚ್ಚೆ ಹೊಯ್ದಿತು.

“ನೋಡ್ರಿ, ದೂರದಿಂದ ಬಂದ ಬೀಗರಿಗಿ ಕಾಲಿಗಿ ನೀರು ಕೊಟ್ಟಳು!” ಎಂದು ಅಜ್ಜಿ ಕೇಕೆ ಹಾಕಿ ನಕ್ಕರು. ಮನೆಯೆಲ್ಲ ನಕ್ಕಿತು, ನಾನೂ ಕಣ್ಣೀರು ಬರುವಷ್ಟು ನಕ್ಕೆ.

ಅಂದಹಾಗೆ, ನಾನು ಬಂದು ತಾಸಾಗಿತ್ತು. ನನಗಿನ್ನೂ ಯಾರೂ ಕಾಲಿಗೆ ನೀರು ಕೊಟ್ಟಿರಲಿಲ್ಲ. ಮನೆಗೆ ಮರಳಿ ನನ್ನ ದಿನಚರಿ ಪುಸ್ತಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.